ಎಷ್ಟು ವರ್ಷಕ್ಕೆ ಬುಡ್ತಾರೆ?

ದೇವರ ವಾಕ್ಯದೊಳಗೆ ತನ್ನ ಅಜ್ಜಿಯ ಮಾತನ್ನು ತೂರಿಸಿದ ಹುಡುಗಿ ಎಂದು ನಮ್ಮ ಕ್ರೈಸ್ತ ಸಭೆಯ ಹಳಬರು ನನ್ನನ್ನು ಇವತ್ತಿಗೂ ಗುರುತಿಸುತ್ತಾರೆ. ಆಗ ನನಗೆ ಹದಿಮೂರು ವರ್ಷ. ತೂರಿಸಿದ್ದು ನಿಜ, ಬೇಕೆಂದು ಮಾಡಿದ್ದಲ್ಲ ಎನ್ನುವುದೂ ನಿಜ. ಆದರೆ ಕ್ಷಮೆ ಕೇಳು ಎಂದಾಗ ಕೇಳಲಿಲ್ಲ. ಈಗ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತುವ ವಯಸ್ಸಾಗಿದೆ, ಈಗಲೂ ಕೇಳುವುದಿಲ್ಲ. ಪಶ್ಚಾತ್ತಾಪದ ಕಥೆ ಬೇಕಾದವರು ಬೇರೆ ಯಾರನ್ನಾದರೂ ಓದಿಕೊಳ್ಳಬಹುದು.

ಅರವತ್ತರ ದಶಕದ ಮೊದಲ ವರ್ಷಗಳು. ಜಯನಗರದಲ್ಲಿ ರಸ್ತೆಗಳಿಗೆಲ್ಲ ಕ್ರಾಸ್ ನಂಬರು ಬಂದಿತ್ತು, ಮನೆಗಳು ಇನ್ನೂ ಬಂದಿರಲಿಲ್ಲ. ನಮ್ಮ ಬಾಡಿಗೆ ಮನೆಯ ಆಚೆಗೆ ಮೂರು ಖಾಲಿ ನಿವೇಶನ, ಅದರಾಚೆ ರಾಗಿ ಹೊಲ. ಅಪ್ಪ ನನಗೆ ಮೂರು ವರ್ಷವಿದ್ದಾಗಲೇ ತೀರಿಕೊಂಡಿದ್ದರು. ಅಮ್ಮ ಪ್ರೈಮರಿ ಶಾಲೆಯಲ್ಲಿ ಟೀಚರು. ಮನೆಯಲ್ಲಿ ನಾವಿಬ್ಬರೇ. ಶನಿವಾರ ಬಂತೆಂದರೆ ಮೂವರು, ಯಾಕೆಂದರೆ ಅಮ್ಮನ ತಾಯಿ, ನಮ್ಮಜ್ಜಿ, ಜರಗನಹಳ್ಳಿಯಿಂದ ಕನಕಪುರ ರಸ್ತೆ ಹಿಡಿದು ನಡೆದೇ ಬರುತ್ತಿದ್ದಳು. ತಲೆಯ ಮೇಲೆ ಸೊಪ್ಪಿನ ಗಂಟು ಇರುತ್ತಿತ್ತು, ಅವರೆಕಾಯಿಯ ಕಾಲದಲ್ಲಿ ಅವರೆಕಾಯಿ. ಬಸ್ಸು ಹತ್ತು ಎಂದರೆ, "ಕಾಲು ಇರೋದು ಯಾಕೆ?" ಎನ್ನುತ್ತಿದ್ದಳು.

ಅಜ್ಜಿ ಕ್ರೈಸ್ತಳಲ್ಲ. ಅಮ್ಮ ಕ್ರೈಸ್ತಳು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ಅಜ್ಜಿ, ಇದ್ದೊಬ್ಬ ಮಗಳಾದರೂ ನಾಲ್ಕಕ್ಷರ ಕಲಿಯಲಿ ಎಂದು ಪೇಟೆಯ ಮಿಷನ್ ಹಾಸ್ಟೆಲ್ಲಿಗೆ ಸೇರಿಸಿದ್ದಳು. ಮಗಳು ನಾಲ್ಕಕ್ಷರದ ಜೊತೆಗೆ ದೀಕ್ಷಾಸ್ನಾನವನ್ನೂ ಮಾಡಿಸಿಕೊಂಡು ಬಂದಳು. ಊರಿನವರು ಹುಯ್ಯಲಿಟ್ಟರು. ಅಜ್ಜಿ ಮಾತ್ರ ಒಂದೇ ಪ್ರಶ್ನೆ ಕೇಳಿದಳಂತೆ: "ಇನ್ಮೇಲೂ ನಮ್ಮನೇಲಿ ಮುದ್ದೆ ಉಣ್ತೀಯಾ, ಇಲ್ವಾ?" ಅಮ್ಮ ಉಣ್ಣುತ್ತೇನೆ ಅಂದಳು. ಅಲ್ಲಿಗೆ ಆ ವಿಚಾರ ಮುಗಿಯಿತು.

ಆ ದಿನಗಳಲ್ಲಿ ಬೈಬಲ್ಲಿನ ಒಂದು ಹೊಸ ಅನುವಾದ ನಡೆಯುತ್ತಿತ್ತು. ಹಳೆಯದರ ಕನ್ನಡ ಜನಕ್ಕೆ ಹತ್ತುವುದಿಲ್ಲ ಎಂದು ಪೇಟೆಯಲ್ಲಿ ಕೆಲವರು ಕೂತು ಮತ್ತೆ ಬರೆಯುತ್ತಿದ್ದರು. ಅವರದೊಂದು ಪದ್ಧತಿ ಇತ್ತು. ಕರಡನ್ನು ಹಾಳೆಯ ಎಡಭಾಗದಲ್ಲಿ ಬರೆದು ನಾಲ್ಕಾರು ಮನೆಗಳಿಗೆ ಕಳಿಸುವರು. ಆ ಮನೆಯವರು ಅದನ್ನು ಓದು ಬರಹ ಬಾರದ, ಕ್ರೈಸ್ತರೂ ಅಲ್ಲದ ಒಬ್ಬರಿಗೆ ಎರಡು ಸಲ ಓದಿ ಹೇಳಬೇಕು. ಕೇಳಿದವರು ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಹೇಳಿದ್ದನ್ನು ಒಂದಕ್ಷರ ತಿದ್ದದೆ ಹಾಳೆಯ ಬಲಭಾಗದಲ್ಲಿ ಬರೆಯಬೇಕು. ಎಲ್ಲಿ ತಿರುಗಿ ಹೇಳಿದ್ದು ಕರಡಿಗಿಂತ ಚೆನ್ನಾಗಿದೆಯೋ ಅಲ್ಲಿ ಕೆಂಪು ಪೆನ್ಸಿಲಿನಿಂದ ಸುತ್ತು ಹಾಕಬೇಕು. ಸುತ್ತು ಹಾಕಿದ್ದನ್ನು ಪುಸ್ತಕದ ಕನ್ನಡಕ್ಕೆ ತಂದು ಕರಡಿನೊಳಗೆ ಸೇರಿಸಿ ಶುದ್ಧಪ್ರತಿ ಮಾಡಬೇಕು. ಬರೆಯುವವಳು ಅಮ್ಮ, ಕೇಳುವವಳು ಅಜ್ಜಿ, ಶುದ್ಧಪ್ರತಿ ಮಾಡುವವಳು ನಾನು. ನನ್ನ ಅಕ್ಷರ ದುಂಡಗಿತ್ತು, ಅದರ ಜಂಬವೂ ಇತ್ತು.

ಅಜ್ಜಿಯಂಥ ಕೇಳುಗಿ ಅನುವಾದಕರಿಗೆ ಏಳು ಜನ್ಮಕ್ಕೂ ಸಿಗುತ್ತಿರಲಿಲ್ಲ. ಜಗಲಿಯ ಮೇಲೆ ಕಾಲು ಚಾಚಿ ಅವರೆಕಾಯಿ ಸುಲಿಯುತ್ತ ಕೇಳುವಳು. ಅರ್ಥವಾಗದ್ದನ್ನು ಅರ್ಥವಾದಂತೆ ನಟಿಸುವ ವಿದ್ಯೆ ಅವಳಿಗೆ ಗೊತ್ತಿರಲಿಲ್ಲ. ಬಿತ್ತುವವನೊಬ್ಬ ಬೀಜವನ್ನು ದಾರಿಯ ಮೇಲೂ ಕಲ್ಲಿನ ಮೇಲೂ ಚೆಲ್ಲಿದ ಕಥೆ ಕೇಳಿ, "ಯಾವನವನು? ಬೀಜ ಏನು ಬಿಟ್ಟಿ ಬಂದಿತ್ತಾ?" ಎಂದು ಬೈದಳು. ಅಮ್ಮ ಬೈಗುಳವನ್ನೂ ಹಾಗೇ ಬರೆದುಕೊಂಡಳು. ಪದ್ಧತಿ ಎಂದರೆ ಪದ್ಧತಿ.

ಹಾಳೆಗಳನ್ನು ತರುವವರು, ಒಯ್ಯುವವರು ಒಬ್ಬ ಪಂಡಿತರು. ಧಾರವಾಡದ ಕಡೆಯವರು, ಹಣೆತುಂಬ ವಿಭೂತಿ, ಸೈಕಲ್ಲಿನ ಹಿಂದೆ ಹಾಳೆಗಳ ಕಟ್ಟು. ಅನುವಾದ ಮಾಡುವ ಪಾದ್ರಿಗಳಿಗೆ ಕನ್ನಡ ನೋಡಿಕೊಡುವುದು ಅವರ ಕೆಲಸ. ಶಿವನನ್ನು ಪೂಜಿಸಿ ಬಂದು ಬೈಬಲ್ಲಿನ ಕನ್ನಡ ತಿದ್ದುವುದರಲ್ಲಿ ಅವರಿಗೆ ಯಾವ ಇರುಸುಮುರುಸೂ ಇರಲಿಲ್ಲ. ಅಜ್ಜಿಯ ಬಲಭಾಗವನ್ನು ಓದಿ ನಗುವುದಕ್ಕಾಗಿಯೇ ಅವರು ನಮ್ಮ ಮನೆಗೆ ಕೊನೆಯಲ್ಲಿ ಬರುತ್ತಿದ್ದರು ಅಂತ ನನ್ನ ಅನುಮಾನ.

ನಮ್ಮ ಸಭೆ ಸೇರುತ್ತಿದ್ದುದು ಶಾಲೆಯೊಂದರ ಕೋಣೆಯಲ್ಲಿ. ಪಾದ್ರಿಗಳು ತಿಂಗಳಿಗೊಮ್ಮೆ ಬರುವರು. ಮಿಕ್ಕ ಭಾನುವಾರಗಳೆಲ್ಲ, ಪಾದ್ರಿಯಲ್ಲದಿದ್ದರೂ ಆರಾಧನೆ ನಡೆಸುವ ಉಪದೇಶಿಯವರ ಕೈಯಲ್ಲಿ. ಒಣಕಲು ದೇಹ, ಗಂಟಲು ಮಾತ್ರ ಕಂಚು. ಅವರು ದೇವರ ಪ್ರೀತಿಯ ಬಗ್ಗೆ ಮಾತಾಡಿದರೆ ಹತ್ತು ನಿಮಿಷ, ನರಕದ ಬಗ್ಗೆ ಮಾತಾಡಿದರೆ ಒಂದು ಗಂಟೆ. ಎಣ್ಣೆ ಕೊಪ್ಪರಿಗೆ, ಕಾದ ಕಂಬ, ಮುಳ್ಳಿನ ಹಾಸಿಗೆ ಎಲ್ಲವೂ ಬರುತ್ತಿತ್ತು. ಇವೆಲ್ಲ ಬೈಬಲ್ಲಿನಲ್ಲಿ ಎಲ್ಲಿವೆ ಎಂದು ನಾನು ಹುಡುಕಿ ನೋಡಿದೆ. ಸಿಗಲಿಲ್ಲ. ಆಮೇಲೆ ಅಜ್ಜಿ ಹೇಳುತ್ತಿದ್ದ ಯಮಲೋಕದ ಕಥೆಗಳಲ್ಲಿ ಎಲ್ಲವೂ ಸಿಕ್ಕವು.

ಇದನ್ನು ಪಂಡಿತರಿಗೆ ಹೇಳಿದೆ. ಅವರು ಸೈಕಲ್ ಸ್ಟ್ಯಾಂಡ್ ಹಾಕಿ ಕೂತೇಬಿಟ್ಟರು. ಪಾದ್ರಿಗಳ ಬಾಯಿಂದ ಕೇಳಿದ್ದನ್ನು ನನಗೆ ಬಿಡಿಸಿ ಹೇಳಿದರು. ನರಕಕ್ಕೆ ಮೂಲದಲ್ಲಿ ಇರುವುದು ಒಂದೇ ಮಾತಲ್ಲವಂತೆ. ಒಂದು, ಒಳ್ಳೆಯವರು ಕೆಟ್ಟವರು ಎನ್ನದೆ ಸತ್ತವರೆಲ್ಲ ಹೋಗಿ ಸೇರುವ ಕತ್ತಲ ಜಾಗ. ಇನ್ನೊಂದು, ಪಟ್ಟಣದ ಗೋಡೆಯ ಹೊರಗಿದ್ದ, ಕೆಟ್ಟ ಹೆಸರು ಹೊತ್ತ ನಿಜವಾದ ಒಂದು ಕಣಿವೆ. ಹಿಂದೆ ಎಷ್ಟೋ ಭಾಷೆಗಳಲ್ಲಿ ಇವನ್ನೆಲ್ಲ ಒಂದೇ ಬುಟ್ಟಿಗೆ ಹಾಕಿ ಒಂದೇ ಹೆಸರು ಕೊಟ್ಟರು. ನಮ್ಮಲ್ಲಿ ಆ ಜಾಗಕ್ಕೆ ನರಕ ಎಂಬ ಹೆಸರು ಮೊದಲೇ ಸಿದ್ಧವಾಗಿತ್ತು.

"ನರಕ ಅನ್ನೂದು ನಮ್ಮ ಮನಿ ಮಾತು ನೋಡವ್ವಾ," ಅಂದರು ಪಂಡಿತರು. "ಅದನ್ನ ಎರವಲ ತಗೊಂಡಾಗ ಯಮನೂ ಬಂದ, ಅವನ ಕ್ವಾಣಾನೂ ಬಂತು. ಆದರ ನಮ್ಮ ನರಕಕ್ಕ ಒಂದು ಬಾಗಿಲ ಇತ್ತು. ಪಾಪ ತೀರಿದ ಮ್ಯಾಲೆ ಹೊರಗ ಬರಬಹುದಿತ್ತು. ಆ ಬಾಗಿಲ ಅಷ್ಟು ತರಲಿಲ್ಲ."

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಆ ವರ್ಷವೇ ಅಜ್ಜಿಗೆ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾಯಿತು. ಡಾಕ್ಟರು ಕೈಚೆಲ್ಲಿದರು. ಅಮ್ಮ ಅವಳನ್ನು ನಮ್ಮ ಮನೆಗೇ ಕರೆತಂದಳು.

ವಿಷಯ ತಿಳಿದ ಉಪದೇಶಿಯವರು ಮನೆಗೆ ಬಂದರು. ಕಾಫಿ ಮುಟ್ಟಲಿಲ್ಲ. ಅಜ್ಜಿಯ ಮುಂದೆಯೇ ಅಮ್ಮನಿಗೆ ಹೇಳಿದರು: "ಟೀಚರಮ್ಮ, ಇನ್ನೂ ಕಾಲ ಮೀರಿಲ್ಲ. ದೀಕ್ಷಾಸ್ನಾನ ಮಾಡ್ಸಿಬಿಡಿ. ಇಲ್ದಿದ್ರೆ ನಿಮ್ಮ ತಾಯಿ ಎಲ್ಲಿಗೆ ಹೋಗ್ತಾರೆ ಅಂತ ನಾನು ಬಾಯಿಬಿಟ್ಟು ಹೇಳ್ಬೇಕಾ?"

ಅಜ್ಜಿ ದಿಂಬಿಗೆ ಒರಗಿದ್ದಳು. "ಹೇಳಪ್ಪ, ಹೇಳು. ನಮ್ಮತ್ತೆನೂ ಅದೇ ಜಾಗಕ್ಕೆ ಹೋಗು ಅಂತ ದಿನಾ ಹೇಳೋಳು, ಸಾರಿಗೆ ಉಪ್ಪು ಕಮ್ಮಿ ಆದಾಗ."

ನಾನು ನಕ್ಕೆ. ಅಮ್ಮ ನಗಲಿಲ್ಲ. ಅಜ್ಜಿಗೆ ಸಾವಿನ ಭಯವಿರಲಿಲ್ಲ, ಭಯವೆಲ್ಲ ಅಮ್ಮನ ಪಾಲಿಗೆ ಬಂದಿತ್ತು. ಅಮ್ಮ ನಂಬಿದ್ದ ಪುಸ್ತಕದ ಪ್ರಕಾರ, ಅಂದರೆ ಉಪದೇಶಿಯವರು ಓದಿ ಹೇಳುತ್ತಿದ್ದ ಪುಸ್ತಕದ ಪ್ರಕಾರ, ಅವಳನ್ನು ಹೊಲದಲ್ಲಿ ದುಡಿದು ಸಾಕಿದ ತಾಯಿ ಇನ್ನು ಕೆಲವೇ ತಿಂಗಳಲ್ಲಿ ಬೆಂಕಿಗೆ ಬೀಳುವವಳು, ಬಿದ್ದ ಮೇಲೆ ಎಂದೆಂದಿಗೂ ಏಳದವಳು. ಅಮ್ಮ ಅನ್ನ ಬಿಟ್ಟಳು. ಶಾಲೆಯಲ್ಲಿ ಮಗ್ಗಿ ಹೇಳಿಸುತ್ತ ನಡುವೆ ನಿಂತುಬಿಡುತ್ತಿದ್ದಳಂತೆ. ಅಜ್ಜಿಯ ಕಾಲೊತ್ತುತ್ತ, "ಅವ್ವ, ನನಗೋಸ್ಕರ ಆದ್ರೂ ಹೂಂ ಅನ್ನು," ಎಂದು ಒಮ್ಮೆ ಬೇಡಿಕೊಂಡಳು. ಅಜ್ಜಿ ಅವಳ ತಲೆ ನೇವರಿಸಿ, "ನಿಂಗೋಸ್ಕರ ಏನು ಬೇಕಾದ್ರೂ ಮಾಡ್ತೀನಿ ಮಗ. ದ್ಯಾವ್ರಿಗೆ ಸುಳ್ಳು ಮಾತ್ರ ಹೇಳಿಸ್ಬೇಡ," ಅಂದಳು. ಅವತ್ತು ನನಗೆ ಉಪದೇಶಿಯವರ ಮೇಲೆ ಬಂದ ಸಿಟ್ಟು ಇವತ್ತಿಗೂ ಪೂರ್ತಿ ಆರಿಲ್ಲ.

ಇದರ ನಡುವೆಯೇ ಪಂಡಿತರು ಹೊಸ ಹಾಳೆ ತಂದರು. ಕಡೆಯ ತೀರ್ಪಿನ ಭಾಗ. ರಾಜನು ಎಲ್ಲ ಜನರನ್ನೂ ಎದುರಿಗೆ ನಿಲ್ಲಿಸಿಕೊಂಡು, ಕುರುಬನು ಕುರಿಗಳನ್ನೂ ಆಡುಗಳನ್ನೂ ಬೇರೆ ಮಾಡುವಂತೆ ಎರಡು ಪಾಲು ಮಾಡುತ್ತಾನೆ. ಹಸಿದವರಿಗೆ ಊಟ ಕೊಟ್ಟವರು ಒಂದು ಕಡೆ, ಕೊಡದವರು ಇನ್ನೊಂದು ಕಡೆ. ಕೊನೆಯಲ್ಲಿ ಒಂದು ಪಾಲಿಗೆ ನಿತ್ಯ ಜೀವ, ಮತ್ತೊಂದಕ್ಕೆ ನಿತ್ಯ ದಂಡನೆ. ಅಮ್ಮ ಬೇಡವೆಂದಳು. ಅಜ್ಜಿಯೇ, "ಓದೇ, ಕೈ ಸುಮ್ನೆ ಇದ್ರೆ ನೋವು ಜಾಸ್ತಿ," ಎಂದು ಮಲಗಿದಲ್ಲೇ ಅವರೆಕಾಯಿ ಮೊರ ಎಳೆದುಕೊಂಡಳು.

ಅಮ್ಮ ಎರಡು ಸಲ ಓದಿದಳು.

ಅಜ್ಜಿ ಅಚ್ಚುಕಟ್ಟಾಗಿ ತಿರುಗಿ ಹೇಳಿದಳು. ಹಸಿದವನಿಗೆ ಅನ್ನ, ಬಾಯಾರಿದವನಿಗೆ ನೀರು, ಬಟ್ಟೆ ಇಲ್ಲದವನಿಗೆ ಬಟ್ಟೆ, ಒಂದನ್ನೂ ಬಿಡಲಿಲ್ಲ. "ಒಳ್ಳೆ ರಾಜ," ಎಂದು ಸೇರಿಸಿದಳು. "ಆದ್ರೆ ಆಡನ್ನ ಯಾಕೆ ಆ ಕಡೆಗೆ ಹಾಕ್ದ? ನಾನು ಆಡು ಸಾಕಿದೋಳು, ಪಾಪದ್ದು." ಆಮೇಲೆ ಸುಲಿಯುತ್ತಿದ್ದ ಕೈ ನಿಲ್ಲಿಸಿ ಕೇಳಿದಳು: "ಸರಿ, ಅನ್ನ ಹಾಕ್ದೆ ಇರೋರ್ನ ಒಳೀಕೆ ಹಾಕ್ದ. ಹಾಕ್ಬೇಕಾದ್ದೇ. ಆಮ್ಯಾಕೆ ಎಷ್ಟು ವರ್ಷಕ್ಕೆ ಬುಡ್ತಾರೆ?"

"ಬಿಡಲ್ಲ ಅವ್ವ," ಅಂದಳು ಅಮ್ಮ.

"ಬುಡಲ್ವಾ? ಕೊಲೆ ಮಾಡ್ದೋನ್ನೂ ಹದ್ನಾಲ್ಕು ವರ್ಷಕ್ಕೆ ಬುಡ್ತಾರೆ ಕಣೇ. ಸರಿಯಾಗ್ ನೋಡು, ಎಲ್ಲೋ ಬರೆಯೋದ್ ಬಿಟ್ಟಿರ್ಬೇಕು."

ಅಮ್ಮ ಬಲಭಾಗದಲ್ಲಿ ಅಜ್ಜಿಯ ಮಾತನ್ನು ಬರೆದಳು. ಕೊನೆಗೆ ಕೆಂಪು ಪೆನ್ಸಿಲು ತೆಗೆದುಕೊಂಡು ಆ ಪ್ರಶ್ನೆಯ ಸುತ್ತ ಒಂದು ಸುತ್ತು ಹಾಕಿದಳು.

ಮಾರನೆಯ ದಿನ ನಾನು ಶುದ್ಧಪ್ರತಿ ಮಾಡಿದೆ. ಕೆಂಪು ಸುತ್ತು ಬಿದ್ದದ್ದು ಒಳಗೆ ಸೇರಬೇಕು, ಪುಸ್ತಕದ ಕನ್ನಡಕ್ಕೆ ಬರಬೇಕು. ಎಷ್ಟೋ ಹಾಳೆಗಳಲ್ಲಿ ಹಾಗೇ ಮಾಡಿದ್ದೆ. ಅಭ್ಯಾಸಬಲ ಎಂದರೆ ಎತ್ತು ತಾನಾಗಿ ಮನೆಯ ದಾರಿ ಹಿಡಿದ ಹಾಗೆ. ಸಾಲುಗಳನ್ನು ದುಂಡಗೆ ಇಳಿಸಿ, ತೀರ್ಪಿನ ಮಾತು ಮುಗಿದ ಕಡೆ, 'ಆ ಮೇಲೆ ಅವರನ್ನು ಎಷ್ಟು ವರುಷಗಳಿಗೆ ಬಿಡುವರು?' ಎಂದು ಬರೆದೆ. ಬಿಡುವರು ಎಂದು ಬರೆದಾಗ ಚೆನ್ನಾಗಿ ಕೂತಿತು ಅನ್ನಿಸಿ ಹೆಮ್ಮೆಯೂ ಆಯಿತು. ಅಮ್ಮ ಶುದ್ಧಪ್ರತಿಯನ್ನು ತಿರುವಿ ನೋಡುವ ಸ್ಥಿತಿಯಲ್ಲಿರಲಿಲ್ಲ.

ಹೊಸ ಅನುವಾದ ಕಿವಿಗೆ ಹೇಗಿದೆ ಎಂದು ತಿಳಿಯಲು ಶುದ್ಧಪ್ರತಿಯನ್ನು ಸಭೆಯಲ್ಲೂ ಓದಿಸುತ್ತಿದ್ದರು. ಆ ಭಾನುವಾರ ಓದಿದವರು ಉಪದೇಶಿಯವರೇ. ತೀರ್ಪಿನ ಭಾಗ ಸಿಕ್ಕಿದ್ದು ಅವರಿಗೆ ಹಬ್ಬ. ಕಂಚಿನ ಗಂಟಲನ್ನು ಪೂರ್ತಿ ಬಿಟ್ಟು, ರಾಜನ ತೀರ್ಪನ್ನು ಗುಡುಗಿಸಿ, ಅದೇ ರಾಗದಲ್ಲಿ, "ಆ ಮೇಲೆ ಅವರನ್ನು ಎಷ್ಟು ವರುಷಗಳಿಗೆ ಬಿಡುವರು?" ಎಂದು ನಮ್ಮೆಲ್ಲರನ್ನೂ ಕೇಳಿದರು.

ಅವರು ಹಾಳೆಯನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು. ಹಿಂದಿನ ಸಾಲಿನಲ್ಲಿ ಯಾರೋ, "ಹೌದಲ್ವಾ, ಎಷ್ಟು?" ಎಂದು ಪಿಸುಗುಟ್ಟಿದ್ದು ನನಗೆ ಸ್ಪಷ್ಟವಾಗಿ ಕೇಳಿತು. ಪಕ್ಕದಲ್ಲಿ ಅಮ್ಮ ನನ್ನ ಕೈಯನ್ನು ಬಿಗಿಯಾಗಿ ಹಿಡಿದಳು. ಅದು ಕೋಪದ ಹಿಡಿತವಾಗಿರಲಿಲ್ಲ.

ಸಂಜೆಗೆ ಉಪದೇಶಿಯವರು ನಮ್ಮ ಬಾಗಿಲಲ್ಲಿದ್ದರು. ತಪ್ಪು ನನ್ನದು ಎಂದೆ, ಹೇಗಾಯಿತೆಂದೂ ಹೇಳಿದೆ. ಅದಕ್ಕೆ ಅವರು ಕ್ಷಮಿಸುವವರೇ. ಆದರೆ ಅವರಿಗೆ ಬೇಕಾದ್ದು ಬೇರೆ. ಮುಂದಿನ ಭಾನುವಾರ ಪಾದ್ರಿಗಳು ಬರುತ್ತಾರೆ, ತಾಯಿ ಮಗಳಿಬ್ಬರೂ ಸಭೆಯ ಮುಂದೆ ನಿಂತು, ಆ ಪ್ರಶ್ನೆ ಅಜ್ಞಾನದ ಪ್ರಶ್ನೆ, ಸಭೆಯ ಹೊರಗಿನವರಿಗೆ ಬಿಡುಗಡೆ ಇಲ್ಲ ಎಂದು ಒಪ್ಪಿ ಕ್ಷಮೆ ಕೇಳಬೇಕು. ಇಲ್ಲದಿದ್ದರೆ ಅಮ್ಮನಿಗೆ ಕರ್ತನ ಭೋಜನದ ರೊಟ್ಟಿ ದ್ರಾಕ್ಷಾರಸವಿಲ್ಲ. ಒಳಗೆ ಮಲಗಿದ್ದ ಅಜ್ಜಿಗೆ ಎಲ್ಲವೂ ಕೇಳಿಸುತ್ತಿತ್ತು.

"ನಾನು ಹೇಳಲ್ಲ," ಅಂದೆ.

"ನೀನು ಸುಮ್ನಿರು," ಅಂದಳು ಅಮ್ಮ. ಉಪದೇಶಿಯವರಿಗೆ, "ಭಾನುವಾರ ನಿಲ್ತೀನಿ ಅಯ್ಯನವರೇ," ಅಂದಳು. ಅಮ್ಮ ಶರಣಾದಳು ಎಂದುಕೊಂಡೆ. ನಾಲ್ಕು ದಿನ ಅವಳ ಜೊತೆ ಮಾತು ಬಿಟ್ಟೆ.

ವಾರದ ಮಧ್ಯೆ ಪಂಡಿತರು ಬಂದರು. ಸುದ್ದಿ ಪೇಟೆಗೂ ಮುಟ್ಟಿತ್ತು. ಬೈಸಿಕೊಳ್ಳಲು ಸಿದ್ಧಳಾಗಿ ನಿಂತೆ. ಅವರು ಅಮ್ಮನಿಗೆ ಹೇಳಿದರು: "ಅಮ್ಮಾರ, ನಿಮ್ಮ ತಾಯಿ ಕೇಳಿದ್ದು ಸಣ್ಣ ಪ್ರಶ್ನಿ ಅಲ್ಲರೀ. ನಾ ಅನುವಾದದ ಪಾದ್ರಿಗಳನ್ನ ಕೇಳಿದೆ. ಈ 'ನಿತ್ಯ' ಅಂತ ಬರದಾರಲ್ಲ, ಮೂಲದಾಗ ಅದು 'ಯುಗ'ದ ಕುಲದ ಮಾತಂತ. ಕೊನಿ ಇಲ್ಲದ್ದು ಅಂತನೂ ತಿಳೀಬಹುದು, ಬರೂ ಯುಗದ್ದು ಅಂತನೂ ತಿಳೀಬಹುದು. ಅದರ ಮ್ಯಾಲೆ ಹಿಂದಿನ ಕಾಲದಿಂದ ಜಗಳ ಐತಂತ. ಅಂತೂ ಯಾರೋ ಒಬ್ಬರು ಕೂತು ಒಂದು ಮಾತು ಆರಿಸ್ಯಾರ. ಅದನ್ನೇ ಓದಿ ಓದಿ ನಿಮ್ಮ ಉಪದೇಶಿಯವರು ಕೀಲಿ ಹಾಕ್ಯಾರ."

ಅಮ್ಮ ಅವತ್ತು ಮಧ್ಯಾಹ್ನ, ಎಷ್ಟೋ ದಿನಗಳ ಮೇಲೆ, ಅಜ್ಜಿಯ ಮಂಚದ ಪಕ್ಕದಲ್ಲಿ ಕೂತು ಹೊಟ್ಟೆತುಂಬ ಮುದ್ದೆ ಉಂಡಳು.

ಭಾನುವಾರ ಅಮ್ಮ ಎದ್ದು ನಿಂತಳು. ಬಿಳಿ ಸೀರೆ, ಕೈಯಲ್ಲಿ ಪುಸ್ತಕವಿಲ್ಲ. ಪಾದ್ರಿಗಳು ಮುಂದೆ ಕೂತಿದ್ದರು, ಉಪದೇಶಿಯವರು ಪಕ್ಕದಲ್ಲಿ. ಸದಾ ಮೆಲುದನಿಯವಳು, ಅವತ್ತು ಶಾಲೆಯ ಹಿಂದಿನ ಬೆಂಚಿಗೂ ಕೇಳುವ ದನಿಯಲ್ಲಿ ಮಾತಾಡಿದಳು.

"ಆ ಪ್ರಶ್ನೆ ಪುಸ್ತಕದಲ್ಲಿಲ್ಲ. ಅದನ್ನ ಒಳಗೆ ಸೇರಿಸಿದ್ದು ತಪ್ಪು. ಅದಕ್ಕೆ ಕ್ಷಮೆ ಇರಲಿ. ಸುತ್ತು ಹಾಕಿದ್ದು ನಾನು, ಮಗುವಲ್ಲ. ಆದರೆ ಪ್ರಶ್ನೆ ತಪ್ಪಲ್ಲ. ಅದನ್ನ ಕೇಳಿದ್ದು ನನ್ನ ತಾಯಿ. ಹಸಿದು ಬಂದವರಿಗೆ ಆಕೆ ಇಲ್ಲ ಅಂದದ್ದನ್ನ ನಾನು ನೋಡಿಲ್ಲ. ನೀವು ಓದಿದ ತೀರ್ಪಿನಲ್ಲೇ ರಾಜ ಕೇಳಿದ್ದು ಅನ್ನ ಹಾಕಿದೆಯಾ ಅಂತ. ದೀಕ್ಷಾಸ್ನಾನ ಆಗಿದೆಯಾ ಅಂತ ಅಲ್ಲ. ಯಾರಿಗಾದ್ರೂ ಆಕೆಯ ಪ್ರಶ್ನೆಗೆ ಉತ್ತರ ಗೊತ್ತಿದ್ರೆ ಹೇಳಿ, ಮನೆಗೆ ಹೋಗಿ ಹೇಳ್ತೀನಿ. ಆಕೆ ಕಾಯ್ತಾ ಇದ್ದಾಳೆ."

ಪಾದ್ರಿಗಳು ತಲೆ ತಗ್ಗಿಸಿ ಕೂತರು. ಉಪದೇಶಿಯವರ ಮುಖ ಕಪ್ಪಿಟ್ಟಿತು. ಅಮ್ಮ ನನ್ನ ಕೈ ಹಿಡಿದು, ರೊಟ್ಟಿ ದ್ರಾಕ್ಷಾರಸ ಹಂಚುವ ಮೊದಲೇ ಹೊರಗೆ ನಡೆದಳು. ಜಯನಗರದ ಆ ಖಾಲಿ ಬೀದಿಯಲ್ಲಿ ನಾನು ಕುಣಿಯುತ್ತ ಬಂದೆ. ಅಮ್ಮ ಅಳುತ್ತ ಬಂದಳು.

ಅಜ್ಜಿ ಎರಡು ತಿಂಗಳಿಗೆ ಹೋದಳು. ಅವಳ ಇಷ್ಟದಂತೆ ಜರಗನಹಳ್ಳಿಯ ಅವಳ ಹೊಲದಲ್ಲೇ ಮಣ್ಣು ಮಾಡಿದೆವು. ಸಭೆಯಿಂದ ಯಾರೂ ಬರುವುದಿಲ್ಲ ಎಂದುಕೊಂಡಿದ್ದೆ. ಬದುವಿನ ಮೇಲೆ ಕೊಡೆ ಹಿಡಿದು ಒಬ್ಬರು ನಿಂತಿದ್ದರು. ಉಪದೇಶಿಯವರು. ಎಲ್ಲ ಮುಗಿದ ಮೇಲೆ ಬಂದು ಒಂದು ಹಿಡಿ ಮಣ್ಣು ಹಾಕಿದರು. ಪ್ರಾರ್ಥನೆ ಮಾಡಲಿಲ್ಲ.

"ನಮ್ಮಪ್ಪನೂ ಹೊರಗಿನವರಾಗೇ ಸತ್ತಿದ್ದು, ಟೀಚರಮ್ಮ," ಅಂದರು, ಅಮ್ಮನ ಮುಖ ನೋಡದೆ. "ಮೂವತ್ತು ವರ್ಷ ಆಯ್ತು. ನಾನು ಆ ಪ್ರಶ್ನೆ ಕೇಳ್ಲೇ ಇಲ್ಲ."

ಅಮ್ಮನ ಕಣ್ಣು ತುಂಬಿತು. ನನ್ನದು ತುಂಬಲಿಲ್ಲ. ತನ್ನ ಅಪ್ಪನಿಗಾಗಿ ಕೇಳಬೇಕಾಗಿದ್ದ ಪ್ರಶ್ನೆಯನ್ನು ನುಂಗಿಕೊಂಡು, ಆ ಉರಿಯನ್ನು ಮೂವತ್ತು ವರ್ಷ ನಮ್ಮಂಥವರ ತಲೆಗೆ ಸುರಿದರಲ್ಲ ಎಂದು ಕುದಿಯಿತು. ಮೂರನೆಯ ದಿನ ಅಮ್ಮ ಊರಿನವರ ಜೊತೆ ಸಮಾಧಿಗೆ ಹಾಲು ತುಪ್ಪ ಬಿಟ್ಟು ಬಂದಳು. ಆ ತಪ್ಪಿಗೆ ಅದೇ ಉಪದೇಶಿಯವರು ಅವಳನ್ನು ಒಂದು ವರ್ಷ ಕರ್ತನ ಭೋಜನದಿಂದ ದೂರ ಇಟ್ಟರು. ಮಣ್ಣು ಹಾಕಿದ ಕೈಯೇ ಆ ಆದೇಶಕ್ಕೂ ಸಹಿ ಹಾಕಿತು. ಅಮ್ಮ ಪ್ರತಿ ಭಾನುವಾರ ಹೋದಳು, ರೊಟ್ಟಿ ಬಂದಾಗ ಪಕ್ಕದವರಿಗೆ ದಾಟಿಸಿದಳು, ತಲೆ ಎತ್ತಿಕೊಂಡೇ ಕೂತಳು. ಒಳಗೆ ತೆಗೆದುಕೊಳ್ಳಿ ಎಂದು ಒಂದು ದಿನವೂ ಕೇಳಲಿಲ್ಲ.

ಹೊಸ ಅನುವಾದ ಅಚ್ಚಾಗಿ ಬಂದಾಗ ನಾವಿಬ್ಬರೂ ಮೊದಲು ತೆರೆದದ್ದು ಆ ಪುಟ. ಬೇರೆ ಕೆಲವು ಕಡೆ ನರಕದ ಬದಲು ಸತ್ತವರ ಲೋಕ ಎಂದು ಬಂದಿತ್ತು. ಈ ಪುಟದಲ್ಲಿ 'ನಿತ್ಯ' ಹಾಗೇ ಕೂತಿತ್ತು. ನೀನು ಯಾಕೆ ಆ ಸುತ್ತು ಹಾಕಿದೆ, ಪಂಡಿತರಿಗೆ ತೋರಿಸಲಿಕ್ಕೋ, ಒಳಗೆ ಸೇರಲಿ ಅಂತಲೋ ಎಂದು ಅಮ್ಮನನ್ನು ಕೇಳಿದೆ. "ಕೈಗೆ ಪೆನ್ಸಿಲು ಸಿಕ್ತು," ಅಂದಳು. ಪಂಡಿತರು ನಮ್ಮಲ್ಲೇ ಬಿಟ್ಟುಹೋಗಿದ್ದ ಹಳೆಯ ಹಾಳೆಯಿಂದ ಕೆಂಪು ಸುತ್ತಿನ ಭಾಗವನ್ನು ಕತ್ತರಿಸಿ, ಚೀಟಿ ಮಾಡಿ ಆ ಪುಟದಲ್ಲಿಟ್ಟಳು.

ಅಮ್ಮ ಹೋದ ಮೇಲೆ ಪುಸ್ತಕ ನನಗೆ ಬಂತು, ಚೀಟಿಯೂ ಬಂತು. ಈಗ ಸಭೆಯಲ್ಲಿ ವಾಕ್ಯ ಓದುವ ಸರದಿ ನನಗೂ ಬರುತ್ತದೆ. ತೀರ್ಪಿನ ಭಾಗ ಬಂದಾಗ ಇರುವುದನ್ನು ಇರುವ ಹಾಗೇ ಓದುತ್ತೇನೆ. ಮುಗಿಸಿ, ಪುಸ್ತಕ ಮುಚ್ಚಿ, ಇದು ಪುಸ್ತಕದಲ್ಲಿಲ್ಲ ಎಂದು ಸ್ಪಷ್ಟವಾಗಿ ಹೇಳಿ, ಚೀಟಿಯನ್ನೂ ಓದುತ್ತೇನೆ, ಅಜ್ಜಿ ಹೇಳಿದ ಹಾಗೇ. ಪುಸ್ತಕದ ಕನ್ನಡಕ್ಕೆ ತರುವ ತಪ್ಪನ್ನು ಮತ್ತೆ ಮಾಡುವುದಿಲ್ಲ. ಎರಡು ಸಲ ದೂರು ಹೋಗಿದೆ. ಹೋಗಲಿ.

ಹೋದ ಸಲ ಓದಿದಾಗ ಮೊದಲ ಬೆಂಚಿನಲ್ಲಿ ಹೊಸದಾಗಿ ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸು ಕೂತಿದ್ದಳು. ಆತ ಹೊರಗಿನವನು, ದೀಕ್ಷಾಸ್ನಾನವಿಲ್ಲದೆ ಸತ್ತವನು. ಪ್ರಾರ್ಥನೆ ಮುಗಿದ ಮೇಲೆ ಅವಳು ಬಾಗಿಲಲ್ಲಿ ನನ್ನನ್ನು ತಡೆದಳು.

"ಆಂಟಿ, ಆ ಚೀಟಿ ಸ್ವಲ್ಪ ಕೊಡ್ತೀರಾ?" ಅಂದಳು. "ಬರ್ಕೊಂಡು ಕೊಡ್ತೀನಿ."